ನಿಮ್ಮ ವಾರ್ಡ್ ಯಾವುದು? ಹುಬ್ಬಳ್ಳಿ-ಧಾರವಾಡದ ಹೊಸ ಮತದಾರರಿಗೊಂದು ಪರಿಚಯ

ಹದಿನೆಂಟು ತುಂಬಿದ ಹುಡುಗ ಹುಡುಗಿಯರಿಗೆ ಪೌರನೀತಿ ಹೇಳಿಕೊಡುವಾಗ ನಾನು ಮೊದಲು ಕೇಳುವ ಪ್ರಶ್ನೆ ಇದು. ಪ್ರಧಾನಮಂತ್ರಿ ಯಾರು ಎಂದರೆ ಎಲ್ಲರ ಕೈ ಮೇಲೆ. ಮುಖ್ಯಮಂತ್ರಿ ಯಾರು ಎಂದರೂ ಮೇಲೆ. ಶಾಸಕರ ಹೆಸರು ಕೇಳಿದರೆ ಅರ್ಧ ಕೈ ಇಳಿಯುತ್ತವೆ. ವಾರ್ಡ್ ನಂಬರ್ ಎಷ್ಟು, ನಿಮ್ಮ ಓಣಿಯನ್ನು ಪಾಲಿಕೆಯಲ್ಲಿ ಪ್ರತಿನಿಧಿಸುವವರು ಯಾರು ಎಂದರೆ ತರಗತಿ ಮೌನ. ಆದರೆ ಆ ಹುಡುಗರ ದಿನ ಶುರುವಾಗುವುದೇ ಪಾಲಿಕೆಯ ಕೆಲಸದಿಂದ. ನಳಕ್ಕೆ ನೀರು ಬಂದಿದೆಯೇ, ಕಸದ ಗಾಡಿ ಬಂದು ಹೋಯಿತೇ, ಗಟಾರ ತುಂಬಿ ರಸ್ತೆಗೆ ಹರಿದಿದೆಯೇ, ರಾತ್ರಿ ಟ್ಯೂಷನ್ನಿನಿಂದ ಬರುವ ದಾರಿಯಲ್ಲಿ ದೀಪ ಉರಿಯುತ್ತದೆಯೇ ಎಂಬುದೆಲ್ಲ ಪಾಲಿಕೆಗೆ ಸೇರಿದ ಮಾತು.

ಹೊರಗಿನಿಂದ ಬಂದು ಇಲ್ಲಿ ನೌಕರಿ ಹಿಡಿದು ಬಾಡಿಗೆ ಮನೆಯಲ್ಲಿರುವವರದೂ ಇದೇ ಸ್ಥಿತಿ. ವಿಧಾನಸಭೆ, ಲೋಕಸಭೆ ಚುನಾವಣೆಗೆ ರಜೆ ಹಾಕಿ ಊರಿಗೆ ಹೋಗಿ ಮತ ಹಾಕಿ ಬರುತ್ತಾರೆ. ತಾವು ನಿತ್ಯ ಬದುಕುವ ಊರಿನ ಚುನಾವಣೆ ಮಾತ್ರ ಯಾರದೋ ಮನೆಯ ಮದುವೆಯಂತೆ ಪಕ್ಕದಲ್ಲಿ ನಡೆದುಹೋಗುತ್ತದೆ. ಈ ಲೇಖನ ಅವರಿಗಾಗಿ, ಮೊದಲ ಸಲ ಮತ ಹಾಕುವ ಮಕ್ಕಳಿಗಾಗಿ. ಪಾಲಿಕೆ ಚುನಾವಣೆ ಎಲ್ಲಿಂದ ಬಂತು, ಹೇಗೆ ನಡೆಯುತ್ತದೆ, ಗೆದ್ದವರು ಏನು ಮಾಡಬಲ್ಲರು, ಏನು ಮಾಡಲಾರರು ಎಂಬುದನ್ನು ಒಂದೊಂದಾಗಿ ನೋಡೋಣ. ಅವಸರ ಬೇಡ.

ಮತ ಕೆಲವರದಾಗಿದ್ದ ಕಾಲ

ಹುಬ್ಬಳ್ಳಿ ಪುರಸಭೆ ಸ್ಥಾಪನೆಯಾದದ್ದು 1855ರ ಆಗಸ್ಟ್ 15ರಂದು. ಧಾರವಾಡದ್ದು ಮರುವರ್ಷ, 1856ರ ಜನವರಿ 1ರಂದು. ಎರಡೂ 1850ರ ಕಾಯ್ದೆಯ ಅಡಿಯಲ್ಲಿ ಹುಟ್ಟಿದವು. ಆಗ ಈ ಭಾಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಪುರಸಭೆ ಎಂದರೆ ಊರ ಜನ ಆರಿಸಿದ ಸಭೆಯಾಗಿರಲಿಲ್ಲ. ಸರ್ಕಾರದ ಅಧಿಕಾರಿಯೇ ಅಧ್ಯಕ್ಷ, ಸರ್ಕಾರ ಒಪ್ಪಿದವರೇ ಸದಸ್ಯರು. ಧಾರವಾಡದಲ್ಲಿ 1883ರವರೆಗೂ ಐರೋಪ್ಯ ಅಧಿಕಾರಿಗಳೇ ಅಧ್ಯಕ್ಷರಾಗಿದ್ದರು.

ಬದಲಾವಣೆಗೆ ದಾರಿ ತೆರೆದದ್ದು 1882ರ ಮೇ ತಿಂಗಳಲ್ಲಿ ವೈಸರಾಯ್ ಲಾರ್ಡ್ ರಿಪನ್ ಹೊರಡಿಸಿದ ಠರಾವು. ಊರಿನ ಆಡಳಿತವನ್ನು ಊರಿನವರೇ ನಡೆಸಲು ಕಲಿಯಬೇಕು, ಆ ಕಲಿಕೆ ಸ್ಥಳೀಯ ಸಂಸ್ಥೆಗಳಿಂದಲೇ ಶುರುವಾಗಬೇಕು ಎಂಬುದು ಅದರ ಸಾರ. ಎರಡು ವರ್ಷದ ನಂತರ, 1884ರಲ್ಲಿ, ಮುಂಬಯಿ ಪ್ರಾಂತ್ಯದ ಪುರಸಭಾ ಕಾಯ್ದೆ ಚುನಾಯಿತ ಸದಸ್ಯರಿಗೆ ಜಾಗ ಮಾಡಿಕೊಟ್ಟಿತು. ಆದರೂ ಅಧ್ಯಕ್ಷ ಪದವಿ ಅಧಿಕಾರಿಗಳ ಕೈಬಿಡಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ಧಾರವಾಡದಲ್ಲಿ ಅಧಿಕಾರಿಯಲ್ಲದ ಮೊದಲ ಅಧ್ಯಕ್ಷರು ರಾವ್‌ಬಹದ್ದೂರ್ ಎಸ್. ಕೆ. ರೊದ್ದ, ಅವರು ಅಧಿಕಾರ ವಹಿಸಿಕೊಂಡದ್ದು 1904ರಲ್ಲಿ. ಚುನಾಯಿತರಾದ ಮೊದಲ ಅಧ್ಯಕ್ಷರು ರಾವ್‌ಬಹದ್ದೂರ್ ಎಸ್. ಜಿ. ಕರಿ, 1907ರಲ್ಲಿ. ಪುರಸಭೆ ಹುಟ್ಟಿದ ಅರ್ಧ ಶತಮಾನದ ಮೇಲೆ ಊರಿಗೆ ತಾನು ಆರಿಸಿದ ಅಧ್ಯಕ್ಷ ಸಿಕ್ಕ ಎಂಬುದನ್ನು ಗಮನಿಸಿ.

ಎರಡು ಮಹಾಯುದ್ಧಗಳ ನಡುವಿನ ಅವಧಿ ಈ ಕಥೆಯಲ್ಲಿ ಬಹಳ ಮುಖ್ಯ. 1919ರ ಸುಧಾರಣೆಯ ನಂತರ ಪ್ರಾಂತ್ಯಗಳಲ್ಲಿ ಸ್ಥಳೀಯ ಸ್ವಯಮಾಡಳಿತದ ಖಾತೆ ಭಾರತೀಯ ಮಂತ್ರಿಗಳ ಕೈಗೆ ಬಂತು. 1925ರಲ್ಲಿ ಮುಂಬಯಿ ಪ್ರಾಂತ್ಯ ದೊಡ್ಡ ಪಟ್ಟಣಗಳಿಗಾಗಿ ಪ್ರತ್ಯೇಕವಾಗಿ ಮುನಿಸಿಪಲ್ ಬರೋ ಕಾಯ್ದೆ ಮಾಡಿತು. ದೇಶದ ದೊಡ್ಡ ನಾಯಕರು ಆಡಳಿತದ ಅಕ್ಷರಾಭ್ಯಾಸ ಮಾಡಿದ್ದು ಇದೇ ಪುರಸಭೆಗಳಲ್ಲಿ: ಅಹಮದಾಬಾದಿನಲ್ಲಿ ವಲ್ಲಭಭಾಯಿ ಪಟೇಲರು, ಅಲಹಾಬಾದಿನಲ್ಲಿ ಜವಾಹರಲಾಲ್ ನೆಹರು, ಕಲ್ಕತ್ತೆಯ ಮೇಯರ್ ಆಗಿ ಚಿತ್ತರಂಜನ ದಾಸರು. ನಮ್ಮಲ್ಲಿ ಆ ಕಾಲದ ಹುಬ್ಬಳ್ಳಿ ಪುರಸಭೆಯನ್ನು ಮುನ್ನಡೆಸಿದವರಲ್ಲಿ ಪ್ರಮುಖರು ಸರ್ ಸಿದ್ದಪ್ಪ ಕಂಬಳಿ. ಬ್ರಾಹ್ಮಣೇತರ ಚಳವಳಿಯ ಮುಂದಾಳು, ವಕೀಲರು. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ ಮಂತ್ರಿಯಾದರು. 1937ರ ಕೂಪರ್ ಮಂತ್ರಿಮಂಡಲದಲ್ಲೂ ಇದ್ದರು. ಹುಬ್ಬಳ್ಳಿಯಲ್ಲಿ ಹಳಬರು ಲ್ಯಾಮಿಂಗ್ಟನ್ ರಸ್ತೆ ಎನ್ನುವ, ಪಾಲಿಕೆ ಕಚೇರಿ ಇರುವ ರಸ್ತೆಗೆ ಇಂದು ಅವರದೇ ಹೆಸರಿದೆ.

ಆದರೆ ಆ ಚುನಾವಣೆಗಳಲ್ಲಿ ಎಲ್ಲರಿಗೂ ಮತ ಇರಲಿಲ್ಲ. ಆಸ್ತಿ ಇದ್ದವರಿಗೆ, ತೆರಿಗೆ ಕಟ್ಟುವವರಿಗೆ, ಓದಿನ ಅರ್ಹತೆ ಇದ್ದವರಿಗೆ ಮತ. ರೈಲ್ವೆ ವರ್ಕ್‌ಶಾಪಿನ ಕೂಲಿಗೆ, ಗಿರಣಿಯಲ್ಲಿ ದುಡಿಯುವ ಹೆಣ್ಣುಮಗಳಿಗೆ, ಪುರಸಭೆಯ ಕಸ ಗುಡಿಸುವವರಿಗೇ ಆ ಪುರಸಭೆಯಲ್ಲಿ ಸಾಮಾನ್ಯವಾಗಿ ಮಾತು ಇರಲಿಲ್ಲ. ಕೆಲವು ಸದಸ್ಯರನ್ನು ಸರ್ಕಾರ ನಾಮಕರಣ ಮಾಡುತ್ತಿತ್ತು.

ನಮ್ಮನ್ನು ಆಳುತ್ತಿದ್ದ ಇಂಗ್ಲೆಂಡಿನಲ್ಲಾದರೂ ಹೇಗಿತ್ತು? ಅಲ್ಲಿಯೂ ಎರಡು ಯುದ್ಧಗಳ ನಡುವಿನ ಆ ಇಪ್ಪತ್ತು ವರ್ಷಗಳಲ್ಲಿ ಊರ ಚುನಾವಣೆ ಅರೆಬರೆಯೇ. 1918ರಲ್ಲಿ ಸಂಸತ್ತಿನ ಚುನಾವಣೆಗೆ ವಯಸ್ಸಿಗೆ ಬಂದ ಗಂಡಸರಿಗೆಲ್ಲ ಮತ ಬಂತು. ಊರಿನ ಕೌನ್ಸಿಲ್ ಚುನಾವಣೆಗೆ ಮಾತ್ರ ಮನೆಯ ಒಡೆತನ ಅಥವಾ ಬಾಡಿಗೆಯ ಹಕ್ಕು ಬೇಕಿತ್ತು. ತಂದೆಯ ಮನೆಯಲ್ಲಿ ಇರುವ ದೊಡ್ಡ ಮಗ ಸಂಸತ್ತಿಗೆ ಮತ ಹಾಕಬಹುದಿತ್ತು, ತನ್ನ ಊರಿನ ಕೌನ್ಸಿಲಿಗೆ ಹಾಕುವಂತಿರಲಿಲ್ಲ. ಆ ವ್ಯತ್ಯಾಸ ಅಳಿದದ್ದು 1945ರಲ್ಲಿ.

ಅಂಥ ಅರೆಬರೆ ಚುನಾವಣೆಯೂ ಏನು ಮಾಡಬಲ್ಲದು ಎಂಬುದಕ್ಕೆ ಲಂಡನ್ನಿನ ಪಾಪ್ಲರ್ ಸಾಕ್ಷಿ. ಅದು ಬಂದರು ಕೂಲಿಗಳ ಬಡ ಬಡಾವಣೆ. 1919ರ ಚುನಾವಣೆಯಲ್ಲಿ ಅಲ್ಲಿನ 42 ಸ್ಥಾನಗಳಲ್ಲಿ 39ನ್ನು ಲೇಬರ್ ಪಕ್ಷ ಗೆದ್ದಿತು. ನಿರುದ್ಯೋಗಿಗಳ ಪರಿಹಾರದ ಹೊರೆಯನ್ನು ಬಡ ಬಡಾವಣೆಯೇ ಹೊರಬೇಕು, ಶ್ರೀಮಂತ ಬಡಾವಣೆಗಳು ಆರಾಮಾಗಿರಬಹುದು ಎಂಬ ವ್ಯವಸ್ಥೆ ಆಗ ಇತ್ತು. ಅದನ್ನು ವಿರೋಧಿಸಿ ಜಾರ್ಜ್ ಲಾನ್ಸ್‌ಬರಿ ನೇತೃತ್ವದ ಕೌನ್ಸಿಲ್, ಲಂಡನ್ನಿನ ಮೇಲಿನ ಸಂಸ್ಥೆಗಳಿಗಾಗಿ ತೆರಿಗೆ ಎತ್ತಿಕೊಡಲು 1921ರಲ್ಲಿ ನಿರಾಕರಿಸಿತು. 30 ಸದಸ್ಯರು ಜೈಲಿಗೆ ಹೋದರು, ಅವರಲ್ಲಿ ಹೆಂಗಸರೂ ಇದ್ದರು. ಕೊನೆಗೆ ಸರ್ಕಾರವೇ ಮಣಿದು, ಹೊರೆಯನ್ನು ಎಲ್ಲ ಬಡಾವಣೆಗಳೂ ಹಂಚಿಕೊಳ್ಳುವಂತೆ ಅದೇ ವರ್ಷ ಕಾಯ್ದೆ ಮಾಡಿತು. ಗಟಾರ, ದೀಪ, ಕಸದ ಚುನಾವಣೆ ಎಂದು ಮೂಗು ಮುರಿಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಯಾರು ತೆರಿಗೆ ಕೊಡಬೇಕು, ಯಾರಿಗೆ ಸವಲತ್ತು ಸಿಗಬೇಕು ಎಂಬ ನ್ಯಾಯದ ಪ್ರಶ್ನೆಗೆ ಮೊದಲ ಉತ್ತರ ಸಿಗುವುದು ಊರಿನ ಸಭೆಯಲ್ಲೇ.

ಎರಡು ಊರು, ಒಂದು ಪಾಲಿಕೆ

ಸ್ವಾತಂತ್ರ್ಯ ಬಂತು, ವಯಸ್ಕರೆಲ್ಲರಿಗೂ ಮತ ಬಂತು, 1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1962ರಲ್ಲಿ ಸುಮಾರು 20 ಕಿಲೋಮೀಟರ್ ದೂರದ ಎರಡು ಊರುಗಳನ್ನು ಕೂಡಿಸಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ರಚಿಸಿದರು. ಒಂದು ವ್ಯಾಪಾರದ ಊರು, ಇನ್ನೊಂದು ವಿದ್ಯೆಯ ಊರು. ನಡುವೆ ಉಣಕಲ್, ನವನಗರ, ರಾಯಾಪುರ. 2011ರ ಜನಗಣತಿಯ ಹೊತ್ತಿಗೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಒಂಬತ್ತು ಲಕ್ಷ ನಲವತ್ತು ಸಾವಿರ ದಾಟಿತ್ತು.

ಕಾನೂನಿನ ದೃಷ್ಟಿಯಿಂದ ಎರಡು ದಾಖಲೆ ನೆನಪಿಡಿ. ಒಂದು, ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976. ಪಾಲಿಕೆಯ ದಿನನಿತ್ಯದ ನಡೆ ಇದರ ಪ್ರಕಾರ. ಎರಡನೆಯದು ಸಂವಿಧಾನದ 74ನೇ ತಿದ್ದುಪಡಿ. ಜಾರಿಗೆ ಬಂದದ್ದು 1993ರ ಜೂನ್ 1ರಿಂದ. ನಗರ ಸಂಸ್ಥೆಗಳಿಗೆ ಐದು ವರ್ಷದ ಅವಧಿ, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಮೀಸಲಾತಿ, ಚುನಾವಣೆ ನಡೆಸಲು ಪ್ರತಿ ರಾಜ್ಯದಲ್ಲೂ ಪ್ರತ್ಯೇಕ ಆಯೋಗ, ಇವೆಲ್ಲ ಈ ತಿದ್ದುಪಡಿಯಿಂದ ಬಂದವು. ಹೀಗಾಗಿ ಪಾಲಿಕೆ ಚುನಾವಣೆ ನಡೆಸುವುದು ದಿಲ್ಲಿಯ ಚುನಾವಣಾ ಆಯೋಗವಲ್ಲ, ನಮ್ಮ ರಾಜ್ಯ ಚುನಾವಣಾ ಆಯೋಗ.

ವಾರ್ಡ್ ಮತ್ತು ಮೀಸಲಾತಿ

ಊರನ್ನು ಜನಸಂಖ್ಯೆಯ ಆಧಾರದ ಮೇಲೆ ಹೋಳು ಮಾಡಿದಾಗ ಬರುವ ಒಂದೊಂದು ಭಾಗವೇ ವಾರ್ಡ್. ಒಂದು ವಾರ್ಡಿಗೆ ಒಬ್ಬ ಸದಸ್ಯ. ಮೊದಲು ನಮ್ಮ ಪಾಲಿಕೆಯಲ್ಲಿ 67 ವಾರ್ಡ್ ಇದ್ದವು, ಈಗ 82. ಗಡಿ ಬದಲಾದಾಗ ನಂಬರೂ ಬದಲಾಗುತ್ತದೆ. ಮನೆಯ ಹಿರಿಯರು ಹೇಳುವ ನಂಬರ್ ಹಳೆಯದಿರಬಹುದು, ಆದ್ದರಿಂದ ನೀವೇ ಹೊಸ ಪಟ್ಟಿ ನೋಡಿಕೊಳ್ಳಿ.

ಮತದಾರರ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯನ್ನು ವಾರ್ಡುವಾರು ವಿಂಗಡಿಸಿ. ಪಾಲಿಕೆ ವ್ಯಾಪ್ತಿಯಲ್ಲಿ ಹುಬ್ಬಳ್ಳಿ-ಧಾರವಾಡ ಪೂರ್ವ, ಕೇಂದ್ರ, ಪಶ್ಚಿಮ ಎಂಬ ವಿಧಾನಸಭಾ ಕ್ಷೇತ್ರಗಳು ಬರುತ್ತವೆ. ಇಲ್ಲಿನ ವಿಧಾನಸಭೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದರೆ ಮಾತ್ರ ಪಾಲಿಕೆಯ ಮತವೂ ನಿಮ್ಮದು. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ಬೇರೆ ಊರಿನಿಂದ ವರ್ಗಾಯಿಸಿಕೊಳ್ಳಲು ನಮೂನೆ 8. ಬಾಡಿಗೆ ಮನೆಯವರಿಗೂ ಈ ಹಕ್ಕಿದೆ. ಮತ ಹಾಕಲು ಸ್ವಂತ ಮನೆ ಬೇಕಿಲ್ಲ, ಇಲ್ಲಿ ವಾಸವಿದ್ದರೆ ಸಾಕು. ಪಟ್ಟಿ ವಿಂಗಡಿಸುವಾಗ ರಸ್ತೆಯ ಈ ಬದಿಯವರ ಹೆಸರು ಆ ಬದಿಯ ವಾರ್ಡಿಗೆ ಸೇರಿಬಿಡುವುದೂ ಉಂಟು. ಕರಡು ಪಟ್ಟಿ ಪ್ರಕಟವಾಗಿ ಆಕ್ಷೇಪಣೆಗೆ ಸಮಯ ಕೊಟ್ಟಾಗ ಅದನ್ನು ಸರಿಪಡಿಸಿಕೊಳ್ಳಬೇಕು. ಮತದಾನದ ದಿನ ಮತಗಟ್ಟೆಯಲ್ಲಿ ಜಗಳ ತೆಗೆದರೆ ಪಾಪ, ಅಲ್ಲಿ ಕೂತ ಸಿಬ್ಬಂದಿ ಏನೂ ಮಾಡಲಾರರು.

ಇನ್ನು ಮೀಸಲಾತಿ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಷ್ಟು ವಾರ್ಡ್, ಹಿಂದುಳಿದ ವರ್ಗಗಳಿಗೆ ಒಂದು ಪಾಲು, ಎಲ್ಲ ಗುಂಪುಗಳಲ್ಲೂ ಮಹಿಳೆಯರಿಗೆ ಅರ್ಧದಷ್ಟು. ಮೀಸಲಾತಿ ಒಂದೇ ವಾರ್ಡಿನಲ್ಲಿ ಶಾಶ್ವತವಾಗಿ ನಿಲ್ಲದೆ ಸರದಿಯ ಮೇಲೆ ತಿರುಗುತ್ತದೆ. ಚೆನ್ನಾಗಿ ಕೆಲಸ ಮಾಡಿದ ಸದಸ್ಯರಿಗೆ ಮುಂದಿನ ಸಲ ಅದೇ ವಾರ್ಡ್ ಸಿಗದೇ ಹೋಗಬಹುದು ಎಂಬ ತಕರಾರಿದೆ, ಅದರಲ್ಲಿ ಹುರುಳೂ ಇದೆ. ಆದರೆ ಸರದಿ ಇಲ್ಲದಿದ್ದರೆ ಕೆಲವು ಓಣಿಗಳ ಹೆಣ್ಣುಮಕ್ಕಳು, ಕೆಲವು ಸಮುದಾಯಗಳು ಎಂದೂ ಪಾಲಿಕೆಯ ಸಭಾಂಗಣದ ಒಳಗೆ ಕಾಲಿಡುತ್ತಿರಲಿಲ್ಲ. ಗೆದ್ದ ಹೆಣ್ಣುಮಗಳ ಬದಲು ಅವರ ಗಂಡನೋ ಮಗನೋ ಫೋನ್ ಎತ್ತಿದರೆ, ಸದಸ್ಯರಿಗೇ ಕೊಡಿ ಎಂದು ಮರ್ಯಾದೆಯಿಂದ ಕೇಳಿ. ಹಾಗೆ ಕೇಳುವ ಮತದಾರರು ಹೆಚ್ಚಾದಷ್ಟೂ ಮೀಸಲಾತಿಗೆ ಬಲ ಬರುತ್ತದೆ.

ಸ್ಪರ್ಧಿಸಲು ವಯಸ್ಸು 21 ಆಗಿರಬೇಕು. ಶಾಸಕರಾಗಲು 25 ಬೇಕು. ಎಂದರೆ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳು ರಾಜಕೀಯಕ್ಕೆ ಇಳಿಯಬೇಕೆಂದರೆ ಅವಳಿಗೆ ತೆರೆದಿರುವ ಮೊದಲ ಬಾಗಿಲು ಸ್ಥಳೀಯ ಸಂಸ್ಥೆಯೇ.

ಮತಗಟ್ಟೆಯೊಳಗೆ

ಮೊದಲ ಸಲ ಹೋಗುವವರಿಗೆ ಒಳಗಿನ ಕ್ರಮ ತಿಳಿದಿದ್ದರೆ ಅಳುಕು ಹೋಗುತ್ತದೆ. ಮತಗಟ್ಟೆ ಸಾಮಾನ್ಯವಾಗಿ ಓಣಿಯ ಶಾಲೆಯ ಒಂದು ಕೋಣೆ. ಸರದಿಯಲ್ಲಿ ನಿಂತು ಒಳಗೆ ಹೋದಾಗ ಮೊದಲ ಮೇಜಿನ ಅಧಿಕಾರಿ ನಿಮ್ಮ ಗುರುತಿನ ಚೀಟಿ ನೋಡಿ, ಪಟ್ಟಿಯಲ್ಲಿ ನಿಮ್ಮ ಕ್ರಮಸಂಖ್ಯೆಯನ್ನೂ ಹೆಸರನ್ನೂ ಎಲ್ಲರಿಗೆ ಕೇಳುವಂತೆ ಓದುತ್ತಾರೆ. ಗಟ್ಟಿಯಾಗಿ ಓದುವುದಕ್ಕೆ ಕಾರಣವಿದೆ. ಎದುರು ಬೆಂಚಿನ ಮೇಲೆ ಕೂತ ಅಭ್ಯರ್ಥಿಗಳ ಏಜೆಂಟರು ತಮ್ಮ ಪ್ರತಿಯಲ್ಲಿ ಆ ಹೆಸರಿಗೆ ಗುರುತು ಹಾಕಿಕೊಳ್ಳುತ್ತಾರೆ. ಬಂದವರು ಬೇರೆಯವರು ಎಂಬ ಅನುಮಾನ ಬಂದರೆ ಅಲ್ಲೇ ಆಕ್ಷೇಪಿಸಬಹುದು. ಒಂದೇ ಓಣಿಯವರೇ ಏಜೆಂಟರಾಗಿರುವುದರಿಂದ ಮುಖ ನೋಡಿದರೆ ಅವರಿಗೆ ಗೊತ್ತಾಗುತ್ತದೆ.

ಎರಡನೆಯ ಮೇಜಿನಲ್ಲಿ ರಿಜಿಸ್ಟರಿಗೆ ಸಹಿ ಇಲ್ಲವೇ ಹೆಬ್ಬೆಟ್ಟು, ಬೆರಳಿಗೆ ಶಾಯಿ. ದೇಶಕ್ಕೆಲ್ಲ ಈ ಶಾಯಿ ತಯಾರಾಗಿ ಹೋಗುವುದು ಮೈಸೂರಿನಿಂದ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ 1962ರಿಂದ ಅದನ್ನು ಪೂರೈಸುತ್ತಿದೆ. ಮೂರನೆಯ ಮೇಜಿನವರು ನಿಮ್ಮ ಚೀಟಿ ಪಡೆದು ತಮ್ಮ ಬಳಿ ಇರುವ ನಿಯಂತ್ರಣ ಘಟಕದ ಗುಂಡಿ ಒತ್ತುತ್ತಾರೆ. ಆಗ ಮರೆಯ ಹಿಂದಿನ ಮತಯಂತ್ರ ಒಂದು ಮತಕ್ಕೆ ಮಾತ್ರ ಸಿದ್ಧವಾಗುತ್ತದೆ. ಅಭ್ಯರ್ಥಿಯ ಹೆಸರು, ಚಿಹ್ನೆ ನೋಡಿ ಪಕ್ಕದ ಗುಂಡಿ ಒತ್ತಿದರೆ ಕೆಂಪು ದೀಪ ಹೊತ್ತಿ ಉದ್ದಕ್ಕೆ ಬೀಪ್ ಶಬ್ದ ಬರುತ್ತದೆ. ಶಬ್ದ ಬಂದಿತೆಂದರೆ ಮತ ದಾಖಲಾಯಿತು. ಯಾರೂ ಬೇಡವೆನಿಸಿದರೆ ಕೊನೆಯ ಗುಂಡಿ ನೋಟಾ. ಒಳಗೆ ಯಾರಿಗೆ ಹಾಕಿದಿರಿ ಎಂಬುದನ್ನು ಗಂಡನಿಗೂ ಹೇಳಬೇಕಾಗಿಲ್ಲ, ಧಣಿಗೂ ಹೇಳಬೇಕಾಗಿಲ್ಲ.

ಫಲಿತಾಂಶ ಓದುವುದು ಹೇಗೆ

ನಮ್ಮ ಪಾಲಿಕೆಗೆ ಇತ್ತೀಚಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್ 3ರಂದು. ಅದೇ ದಿನ ಬೆಳಗಾವಿ, ಕಲಬುರಗಿ ಪಾಲಿಕೆಗಳಿಗೂ ಮತದಾನವಾಯಿತು. ನಮ್ಮ 82 ವಾರ್ಡುಗಳಿಗೆ 420 ಮಂದಿ ಕಣದಲ್ಲಿದ್ದರು. ಎಣಿಕೆ ಸೆಪ್ಟೆಂಬರ್ 6ರಂದು. ಬಿಜೆಪಿ 39, ಕಾಂಗ್ರೆಸ್ 33, ಎಐಎಂಐಎಂ 3, ಜೆಡಿಎಸ್ 1, ಪಕ್ಷೇತರರು 6.

ಈ ಅಂಕಿಯನ್ನು ಒಮ್ಮೆ ನಿಧಾನವಾಗಿ ನೋಡಿ. 82ರಲ್ಲಿ ಬಹುಮತಕ್ಕೆ 42 ಬೇಕು. ಯಾವ ಪಕ್ಷಕ್ಕೂ ಅಷ್ಟು ಬರಲಿಲ್ಲ. ಹಾಗಿದ್ದರೆ ಮೇಯರ್ ಆಗುವುದು ಹೇಗೆ? ಇಲ್ಲಿಯೇ ಹೊಸಬರು ಎಡವುವುದು. ಮೇಯರನ್ನು ಜನ ನೇರವಾಗಿ ಆರಿಸುವುದಿಲ್ಲ, ಸದಸ್ಯರು ಆರಿಸುತ್ತಾರೆ. ಆ ಮತದಾನದಲ್ಲಿ ಪಾಲಿಕೆ ಸದಸ್ಯರ ಜೊತೆಗೆ ಆ ಭಾಗದ ಸಂಸದರು, ಶಾಸಕರು, ಇಲ್ಲಿನ ಮತದಾರರಾಗಿ ನೋಂದಾಯಿಸಿಕೊಂಡ ವಿಧಾನ ಪರಿಷತ್ ಸದಸ್ಯರಿಗೂ ಹಕ್ಕಿದೆ. ಸರ್ಕಾರ ನಾಮಕರಣ ಮಾಡಿದ ಸದಸ್ಯರು ಸಭೆಯಲ್ಲಿ ಕೂರಬಹುದು, ಮತ ಹಾಕುವಂತಿಲ್ಲ. ಹೀಗಾಗಿ ಸಭೆಯ ಒಟ್ಟು ಲೆಕ್ಕ 82ಕ್ಕಿಂತ ಹಿಗ್ಗುತ್ತದೆ. ನಿಮ್ಮ ವಿಧಾನಸಭೆಯ ಮತವೂ ಒಂದು ಸುತ್ತು ಬಳಸಿ ಮೇಯರ್ ಆಯ್ಕೆಯವರೆಗೆ ಬರುತ್ತದೆ ಎಂದಾಯಿತು.

ಮೇಯರ್ ಚುನಾವಣೆ ನಡೆಸುವವರು ಬೆಳಗಾವಿಯ ಪ್ರಾದೇಶಿಕ ಆಯುಕ್ತರು. ಗುಪ್ತ ಮತದಾನ ಇಲ್ಲಿಲ್ಲ, ಕೈ ಎತ್ತಿ ಎಣಿಸುತ್ತಾರೆ. ಯಾರು ಯಾರ ಪರ ನಿಂತರು ಎಂಬುದು ಸಭಾಂಗಣದಲ್ಲಿ ಕೂತ ಎಲ್ಲರಿಗೂ ಕಾಣುತ್ತದೆ. ಪಕ್ಷದ ಚಿಹ್ನೆಯ ಮೇಲೆ ಗೆದ್ದವರು ಪಕ್ಷದ ಆದೇಶ (ವಿಪ್) ಮೀರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆಯಡಿ ಸದಸ್ಯತ್ವವೇ ಹೋಗಬಹುದು. 2022ರ ಮೇ 28ರಂದು ಬಿಜೆಪಿಯ ಈರೇಶ ಅಂಚಟಗೇರಿ ಮೇಯರ್ ಆದರು. ಮೇಯರ್ ಅವಧಿ ಒಂದೇ ವರ್ಷ, ಆ ಸ್ಥಾನಕ್ಕೂ ಸರದಿಯ ಮೀಸಲಾತಿ ಇದೆ. 2023ರಲ್ಲಿ ವೀಣಾ ಬರದ್ವಾಡ, 2024ರಲ್ಲಿ ರಾಮಪ್ಪ ಬಡಿಗೇರ, 2025ರಲ್ಲಿ ಜ್ಯೋತಿ ಪಾಟೀಲ ಆ ಪೀಠಕ್ಕೆ ಬಂದರು.

ವರ್ಷಕ್ಕೊಬ್ಬ ಮೇಯರನ್ನು ಸದಸ್ಯರೇ ಆರಿಸುವ ಈ ಪದ್ಧತಿ ಇಂಗ್ಲೆಂಡಿನ ಪಟ್ಟಣಗಳಲ್ಲಿ 1835ರ ಕಾಯ್ದೆಯಿಂದ ನಡೆದುಬಂದದ್ದು. ಮೇಯರ್ ತೊಡುವ ನಿಲುವಂಗಿಯೂ ಅಲ್ಲಿಂದ ಬಂದದ್ದೇ. 2022ರಲ್ಲಿ ಅಂಚಟಗೇರಿಯವರು ಆ ನಿಲುವಂಗಿ ವಸಾಹತು ಕಾಲದ ಪಳೆಯುಳಿಕೆ, ತಾನು ತೊಡುವುದಿಲ್ಲ ಎಂದರು. ನಿಲುವಂಗಿ ಬಿಡುವುದು ಸುಲಭ. ಒಂದು ವರ್ಷದ ಅವಧಿಯ ಪ್ರಶ್ನೆ ಅದಕ್ಕಿಂತ ಕಠಿಣ. ಬಜೆಟ್ ಅರ್ಥಮಾಡಿಕೊಂಡು, ಅಧಿಕಾರಿಗಳ ಪರಿಚಯವಾಗಿ, ಒಂದು ಯೋಜನೆ ಕೈಗೆತ್ತಿಕೊಳ್ಳುವಷ್ಟರಲ್ಲಿ ಮೇಯರ್ ಮನೆಗೆ ಹೊರಡಬೇಕು. ಅಧಿಕಾರ ಹಲವರಿಗೆ ಹಂಚಿಕೆಯಾಗುತ್ತದೆ ಎಂಬುದು ಇದರ ಒಳ್ಳೆಯ ಗುಣ. ಯಾರ ಕೈಯಲ್ಲೂ ಊರಿನ ದೀರ್ಘ ಲೆಕ್ಕ ಉಳಿಯುವುದಿಲ್ಲ ಎಂಬುದು ದೋಷ. ಮೇಯರ್ ಅವಧಿ ಹೆಚ್ಚಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾರ ಕೆಲಸ ಯಾವುದು

ಪಾಲಿಕೆಯ ಆಡಳಿತ ಎರಡು ಕೈಗಳಲ್ಲಿದೆ. ನೀತಿ, ಬಜೆಟ್, ಠರಾವು ಸದಸ್ಯರ ಸಾಮಾನ್ಯ ಸಭೆಯ ಕೈಯಲ್ಲಿ. ಅದನ್ನು ಜಾರಿ ಮಾಡುವುದು, ಸಿಬ್ಬಂದಿ, ಟೆಂಡರ್, ಹಣ ಪಾವತಿ ಇತ್ಯಾದಿ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿ. ಸಾಮಾನ್ಯ ಸಭೆಯ ಕೆಳಗೆ ನಾಲ್ಕು ಸ್ಥಾಯಿ ಸಮಿತಿಗಳು: ತೆರಿಗೆ, ಹಣಕಾಸು ಮತ್ತು ಅಪೀಲು; ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ; ನಗರ ಯೋಜನೆ ಮತ್ತು ಸುಧಾರಣೆ; ಲೆಕ್ಕಪತ್ರ. ನಿಮ್ಮ ಸದಸ್ಯರು ಯಾವ ಸಮಿತಿಯಲ್ಲಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಗಟಾರ ತೆಗೆಸಿದರೋ ಇಲ್ಲವೋ ಎಂಬುದರ ಜೊತೆಗೆ, ಸಮಿತಿಯಲ್ಲಿ ಅವರು ಬಾಯಿ ತೆರೆದರೇ ಎಂಬುದೂ ಸದಸ್ಯರನ್ನು ಅಳೆಯುವ ಅಳತೆಗೋಲು.

ಈಗ ಒಂದು ಬೀದಿ ದೀಪದ ಉದಾಹರಣೆ ತೆಗೆದುಕೊಳ್ಳಿ. ದೀಪ ಕೆಟ್ಟಿದೆ. ದೀಪ ಪಾಲಿಕೆಯದು. ಅದಕ್ಕೆ ಬರುವ ಕರೆಂಟು ವಿದ್ಯುತ್ ಕಂಪನಿ ಹೆಸ್ಕಾಂನದು. ರಸ್ತೆ ಇರುವುದು ನಗರಾಭಿವೃದ್ಧಿ ಪ್ರಾಧಿಕಾರ (ಹುಡಾ) ಅಭಿವೃದ್ಧಿಪಡಿಸಿ ಇನ್ನೂ ಪಾಲಿಕೆಗೆ ಹಸ್ತಾಂತರಿಸದ ಬಡಾವಣೆಯಲ್ಲಾದರೆ ಆ ದೀಪವೂ ಪಾಲಿಕೆಯದಲ್ಲ. ರಸ್ತೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಗೆದದ್ದಾದರೆ ಕೇಳಬೇಕಾದ ಕಚೇರಿ ಮತ್ತೊಂದು, ಏಕೆಂದರೆ ಆ ಯೋಜನೆಗೆ ಪ್ರತ್ಯೇಕ ಕಂಪನಿಯೇ ಇದೆ. ನೀರಿನದು ಇನ್ನೂ ಗೋಜಲು. ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದ ಮತ್ತು ನೀರಸಾಗರದಿಂದ ನೀರು ಬರುವ ವ್ಯವಸ್ಥೆ. 2008ರ ಸುಮಾರಿಗೆ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆಯೂ ನೀರು ಕೊಡುವ ಪ್ರಯೋಗ ಶುರುವಾಗಿ ದೇಶದ ಗಮನ ಸೆಳೆಯಿತು. ಅದೇ ಊರಿನ ಬೇರೆ ಓಣಿಗಳಲ್ಲಿ ವಾರಗಟ್ಟಲೆ ಕಾದು ಬ್ಯಾರೆಲ್ ತುಂಬಿಸಿಕೊಳ್ಳುವ ಸ್ಥಿತಿಯೂ ಮುಂದುವರಿಯಿತು. ಒಂದೇ ಪಾಲಿಕೆ, ಎರಡು ಬಗೆಯ ನಾಗರಿಕರು! ಇಂಥ ಅಂತರ ಕಡಿಮೆ ಮಾಡುವ ಠರಾವಿಗೆ ನಿಮ್ಮ ಸದಸ್ಯರು ಕೈ ಎತ್ತಿದರೇ ಎಂಬುದು ಚುನಾವಣೆಯಲ್ಲಿ ಕೇಳಲೇಬೇಕಾದ ಪ್ರಶ್ನೆ.

ದುಡ್ಡಿನ ಮಾತೂ ಇದೆ. ಪಾಲಿಕೆಯ ಸ್ವಂತ ಆದಾಯದ ಮುಖ್ಯ ಮೂಲ ಆಸ್ತಿ ತೆರಿಗೆ, ಹಳಬರ ಬಾಯಲ್ಲಿ ಮನೆಪಟ್ಟಿ. ಮನೆಯ ಮಾಲೀಕರೇ ಅಳತೆ ಲೆಕ್ಕ ಹಾಕಿ ಘೋಷಿಸಿ ಕಟ್ಟುವ ಪದ್ಧತಿ. ಹಣಕಾಸು ವರ್ಷದ ಶುರುವಿನಲ್ಲೇ, ಏಪ್ರಿಲ್‌ನಲ್ಲಿ, ಕಟ್ಟಿದರೆ ಶೇಕಡಾ 5 ರಿಯಾಯಿತಿ. ಬಾಡಿಗೆಯವರು ನೇರ ಕಟ್ಟದಿದ್ದರೂ ಬಾಡಿಗೆಯ ಒಳಗೆ ಅದು ಸೇರಿಯೇ ಇರುತ್ತದೆ. ಹಾಗಾಗಿ ನಮಗೇನು ಎಂದು ಕೈಕಟ್ಟಿ ಕೂರುವ ಮಾತು ಬಾಡಿಗೆಯವರಿಗೂ ಒಪ್ಪುವುದಿಲ್ಲ.

ಚುನಾಯಿತ ಸಭೆಯೇ ಇಲ್ಲದ ಮೂರು ವರ್ಷ

ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2019ರ ಮಾರ್ಚ್‌ನಲ್ಲಿ. ಮುಂದಿನ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಗೆದ್ದವರು ಮೇಯರನ್ನು ಆರಿಸಿ ಸಭೆಯಾಗಿ ಕೂತದ್ದು 2022ರ ಮೇ ಕೊನೆಗೆ. ಲೆಕ್ಕ ಹಾಕಿ: ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಊರು ಆಡಳಿತಾಧಿಕಾರಿಯ ಕೈಯಲ್ಲಿತ್ತು. ಅದರ ನಡುವೆಯೇ ಕೊರೋನಾ ಬಂತು. ಯಾವ ಓಣಿ ಸೀಲ್ ಆಗಬೇಕು, ಯಾವ ಮನೆಗೆ ರೇಷನ್ ಮುಟ್ಟಿಲ್ಲ ಎಂದು ಹೇಳಲು ಮತದ ಬಲವಿದ್ದ ಪ್ರತಿನಿಧಿ ಯಾವ ವಾರ್ಡಿನಲ್ಲೂ ಇರಲಿಲ್ಲ. ಅಧಿಕಾರಿಗಳು ದುಡಿಯಲಿಲ್ಲ ಎಂದು ನಾನು ಹೇಳುತ್ತಿಲ್ಲ. ಅವರಿಗೆ ಓಣಿಯವರು ಲೆಕ್ಕ ಕೇಳುವ ದಾರಿ ಇರಲಿಲ್ಲ.

ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಆದರೂ ವಾರ್ಡ್ ವಿಂಗಡಣೆ, ಮೀಸಲಾತಿ ಪಟ್ಟಿ, ಅದರ ಮೇಲಿನ ದಾವೆ ಎಂದು ರಾಜ್ಯದಲ್ಲಿ ಸ್ಥಳೀಯ ಚುನಾವಣೆಗಳು ಮುಂದೆ ಹೋಗುತ್ತಲೇ ಇವೆ. ವಿಧಾನಸಭೆ ಚುನಾವಣೆ ಮೂರು ವರ್ಷ ತಡವಾದರೆ ಊರೆಲ್ಲ ಬೀದಿಗೆ ಇಳಿಯುತ್ತಿತ್ತು. ಪಾಲಿಕೆಯದು ತಡವಾದಾಗ ಪತ್ರಿಕೆಯ ಒಳಪುಟದ ಸುದ್ದಿಯಾಯಿತು. ಈ ಉದಾಸೀನವೇ ನನ್ನನ್ನು ಹೆಚ್ಚು ಕಾಡುವುದು. ಒಬ್ಬ ಚುನಾಯಿತ ಅಧ್ಯಕ್ಷನಿಗಾಗಿ 1907ರವರೆಗೆ ಅರ್ಧ ಶತಮಾನ ಕಾದ ಊರು ಇದು. ಆಸ್ತಿ ಇಲ್ಲದವರಿಗೆ, ಹೆಣ್ಣುಮಕ್ಕಳಿಗೆ, ಪೌರಕಾರ್ಮಿಕರಿಗೆ ಮತ ಸಿಗಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಅಷ್ಟು ಕಷ್ಟದಿಂದ ಎಲ್ಲರದಾದ ಹಕ್ಕನ್ನು ಮೂರು ವರ್ಷ ಕಪಾಟಿನಲ್ಲಿಟ್ಟಾಗ ನಾವು ಸುಮ್ಮನಿದ್ದೆವು.

ಮುಂದಿನ ಚುನಾವಣೆಗೆ ತಯಾರಿ

ಈಗಿನ ಸಭೆಯ ಐದು ವರ್ಷವನ್ನು 2022ರ ಮೇ ತಿಂಗಳಿಂದ ಎಣಿಸಿದರೆ 2027ರ ಮೇ ವೇಳೆಗೆ ಅವಧಿ ಮುಗಿಯುತ್ತದೆ. ಇದರ ಜೊತೆಗೆ ಇನ್ನೊಂದು ದೊಡ್ಡ ಬೆಳವಣಿಗೆ ಇದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಬೇಕು ಎಂಬ ಬಹುಕಾಲದ ಹೋರಾಟಕ್ಕೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅನುದಾನವೂ ಗಮನವೂ ಹುಬ್ಬಳ್ಳಿಗೇ ಹೆಚ್ಚು ಹೋಗುತ್ತದೆ ಎಂಬುದು ಧಾರವಾಡದವರ ಹಳೆಯ ಕೊರಗು. 1962ರ ಕೂಡಿಕೆ ಬೇರೆಯಾಗುವಾಗ ಆಸ್ತಿ, ಸಿಬ್ಬಂದಿ, ಸಾಲ, ನೀರು ಎಲ್ಲವನ್ನೂ ಪಾಲು ಮಾಡಬೇಕಾಗುತ್ತದೆ, ವಾರ್ಡುಗಳ ಗಡಿಯೂ ನಂಬರೂ ಮತ್ತೆ ಬದಲಾಗುತ್ತವೆ. ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸುವುದು ಸಾಮಾನ್ಯ ನಾಗರಿಕರ ಹಕ್ಕು. ಅದಕ್ಕೆ ವಕೀಲರು ಬೇಕಿಲ್ಲ, ಒಂದು ಬಿಳಿ ಹಾಳೆ, ಹೆಸರು, ವಿಳಾಸ, ಕಾರಣ ಸಾಕು.

ಮನೆಗೆ ಮತ ಕೇಳಲು ಬಂದವರ ಮುಂದೆ ಮೂರು ಪ್ರಶ್ನೆ ಇಡಿ. ನಮ್ಮ ವಾರ್ಡಿಗೆ ಕಳೆದ ಬಜೆಟ್ಟಿನಲ್ಲಿ ಎಷ್ಟು ಬಂತು, ಎಷ್ಟು ಖರ್ಚಾಯಿತು? ವಾರ್ಡ್ ಸಮಿತಿಯನ್ನು ನಿಯಮಿತವಾಗಿ ಕರೆಯುತ್ತೀರಾ? ನೀವು ಗೆದ್ದರೆ ಫೋನ್ ಎತ್ತುವವರು ಯಾರು? ಎರಡನೆಯ ಪ್ರಶ್ನೆಯ ಹಿನ್ನೆಲೆ ಹೇಳಿಬಿಡುತ್ತೇನೆ. ಪಾಲಿಕೆ ಕಾಯ್ದೆಯಲ್ಲಿ ಪ್ರತಿ ವಾರ್ಡಿಗೂ ಸದಸ್ಯರ ಅಧ್ಯಕ್ಷತೆಯಲ್ಲಿ ನಾಗರಿಕರ ಸಮಿತಿ ಮಾಡುವ ಅವಕಾಶವಿದೆ. ಹತ್ತು ಮಂದಿಯ ಆ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿ ಸಂಘಗಳಿಗೆ ಜಾಗ ಕಾದಿರಿಸಲಾಗಿದೆ. ಅದು ಸರಿಯಾಗಿ ಕೂತರೆ ಐದು ವರ್ಷಕ್ಕೊಮ್ಮೆ ಹಾಕಿದ ಮತ ತಿಂಗಳು ತಿಂಗಳೂ ಕೆಲಸ ಮಾಡುತ್ತದೆ.

2021ರಲ್ಲಿ ಊರಿನ ಅರ್ಧದಷ್ಟು ಮತದಾರರು ಮತಗಟ್ಟೆಗೆ ಬರಲೇ ಇಲ್ಲ ಎನ್ನುವಷ್ಟು ಕಡಿಮೆ ಮತದಾನವಾಯಿತು. ಒಂದು ವಾರ್ಡಿನಲ್ಲಿ ಕೆಲವೇ ಸಾವಿರ ಮತ ಬೀಳುವಾಗ ಒಂದು ಓಣಿಯವರು ಕೂಡಿ ಮನಸ್ಸು ಮಾಡಿದರೆ ಫಲಿತಾಂಶ ತಿರುಗುತ್ತದೆ. ಲೋಕಸಭೆಯ ಚುನಾವಣೆಯಲ್ಲಿ ನಿಮ್ಮ ಮತದ ತೂಕ ನಿಮಗೆ ಕಾಣಿಸಲಾರದು. ವಾರ್ಡಿನ ಚುನಾವಣೆಯಲ್ಲಿ ಎಣಿಕೆಯ ಸಂಜೆಯೇ ಕಾಣುತ್ತದೆ. ಆದ್ದರಿಂದ ಈ ವಾರವೇ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು, ನಿಮ್ಮ ವಾರ್ಡ್ ನೋಡಿಕೊಳ್ಳಿ. ಹೆಸರಿಲ್ಲದಿದ್ದರೆ ಅರ್ಜಿ ಕೊಡಿ. ಚುನಾವಣೆ ಘೋಷಣೆಯಾದ ಮೇಲೆ ಓಡಾಡಿದರೆ ಹೊತ್ತು ಮೀರಿರುತ್ತದೆ, ಅವಧಿ ಮುಗಿದ ಮೇಲೂ ಘೋಷಣೆಯಾಗದಿದ್ದರೆ ಯಾಕೆಂದು ಕೇಳುವ ಮೊದಲಿಗರು ನೀವಾಗಿರಿ.